ಮನೆ ಬಂತು, ಪಿಲೋತೊ ಬರಲಿಲ್ಲ

ಕೆತ್ರು ದ್ವೀಪ, ಚಿಲೊಯೆ
ನವೆಂಬರ್ 14, 1961

ಬೆಲಾರ್ಮಿನೊ,

ಈ ಕಾಗದವನ್ನು ಕೂತುಕೊಂಡು ಓದಿ. ನಿಂತು ಓದಿದರೆ ನಿಮಗೆ ಸಿಟ್ಟು ಬೇಗ ಏರುತ್ತದೆ.

ಮನೆಯನ್ನು ಸಾಗಿಸಿಬಿಟ್ಟೆ. ಏಪ್ರಿಲ್‌ನಲ್ಲಿ ನಾನು ಬರುವ ತನಕ ಒಂದು ಮೊಳೆಯನ್ನೂ ಅಲುಗಿಸಬೇಡ ಎಂದು ನೀವು ಕುರಿ ಎಸ್ಟೇಟಿನ ಕೆಲಸಕ್ಕೆ ಹೊರಡುವಾಗ ಹೇಳಿ ಹೋದದ್ದು ನೆನಪಿದೆ. ಆದರೆ ಕಳೆದ ವರ್ಷದ ಭೂಕಂಪದಲ್ಲಿ ದಡ ಕುಸಿದ ಮೇಲೆ ಸಮುದ್ರಕ್ಕೆ ನಮ್ಮ ಮನೆಯ ದಾರಿ ಚೆನ್ನಾಗಿ ಗೊತ್ತಾಗಿದೆ. ಅಕ್ಟೋಬರ್ ಒಂದೇ ತಿಂಗಳಲ್ಲಿ ಎರಡು ಸಲ ಅಡುಗೆಮನೆಗೆ ಬಂದು ಹೋಯಿತು. ಎರಡನೆಯ ಸಲ ತಿಲಾ ಬೆಳಗ್ಗೆ ಎದ್ದು ಮಂಚದಿಂದ ಕಾಲಿಳಿಸಿದಾಗ ಮೊಣಕಾಲಿನವರೆಗೆ ನೀರು. ಹತ್ತು ವರ್ಷದ ಹುಡುಗಿ, ಅಳಲಿಲ್ಲ. "ಅಮ್ಮಾ, ನನ್ ಚಪ್ಲಿ ತೇಲ್ಕೊಂಡ್ ಹೋಗ್ತಿದೆ ನೋಡು" ಅಂದಳು. ಅವತ್ತೇ ತೀರ್ಮಾನ ಮಾಡಿದೆ.

ಮೊನ್ನೆ ಭಾನುವಾರ ಹದಿನಾಲ್ಕು ಜೋಡಿ ಎತ್ತು ಬಂದವು, ಇಪ್ಪತ್ತೆರಡು ಮನೆಯವರು ಬಂದರು. ಮನೆ ನಿಂತಿದ್ದ ಕಂಬಗಳನ್ನು ಕೊಯ್ದು, ಅಡಿಗೆ ದಿಮ್ಮಿ ತೂರಿಸಿ, ಹಗ್ಗ ಬಿಗಿದು, ನಿಮ್ಮಪ್ಪ ನೆಟ್ಟ ಸೇಬಿನ ಮರಗಳ ಪಕ್ಕದ ದಿಬ್ಬಕ್ಕೆ ಎಳೆದರು. ಒನೊಫ್ರೆ ಅಣ್ಣ ಮುಂದೆ ನಿಂತು ಕೂಗಿ ಕೂಗಿ ಗಂಟಲು ಕಳೆದುಕೊಂಡ. ಮಗಳ ಧರ್ಮತಂದೆ ಅನ್ನಿಸಿಕೊಂಡದ್ದಕ್ಕೆ ಅವನು ಆ ದಿನ ಹತ್ತು ಜನರ ಕೆಲಸ ಮಾಡಿದ. ಗೋಡೆಯ ಒಂದು ಹಲಗೆ ಬಿರುಕು ಬಿಟ್ಟಿಲ್ಲ. ಕಾವು ಕೂತಿದ್ದ ಕೋಳಿಯನ್ನು ಬುಟ್ಟಿಸಮೇತ ಒಳಗೇ ಬಿಟ್ಟಿದ್ದೆ, ಹನ್ನೊಂದು ಮೊಟ್ಟೆಯಲ್ಲಿ ಒಂದೂ ಒಡೆದಿಲ್ಲ. ಸೆನೀಸಾ ಅಂತೂ ಆಲೂಗಡ್ಡೆ ಮೂಟೆಯ ಮೇಲೆ ಕೂತು, ಕಿಟಕಿಯಿಂದ ಊರನ್ನೆಲ್ಲ ನೋಡಿಕೊಂಡು ಮಹಾರಾಣಿಯ ಹಾಗೆ ಬಂದಳು. ಬೆಕ್ಕಿಗೆ ಮನೆ ಬದಲಾಯಿತು ಎಂದೇ ಗೊತ್ತಾಗಿಲ್ಲ. ಸರಿಯೇ, ಬದಲಾದದ್ದು ಮನೆಯಲ್ಲ, ನೆಲ ಮಾತ್ರ.

ನಿಮ್ಮ ಮುದ್ದಿನ ನಾಯಿ ಪಿಲೋತೊ ಮಾತ್ರ ಎತ್ತುಗಳ ಜೊತೆ ತೊರೆಯ ತನಕ ಬಂದ. ಅಲ್ಲಿ ನಿಂತ. ತಿರುಗಿ ಕೆಳಗೆ ಹೋದ. ಈಗ ಹಳೆಯ ಮನೆಯ ಕಂಬದ ಮೋಟುಗಳ ನಡುವೆ ಸಮುದ್ರಕ್ಕೆ ಮುಖ ಮಾಡಿ ಕೂತಿದ್ದಾನೆ. "ಬೆಕ್ಕು ಮನೆಗೆ, ನಾಯಿ ಮನುಷ್ಯಂಗೆ. ಅಂಗಾಲಿಗೆ ಹಂದಿ ಕೊಬ್ಬು ಸವರಮ್ಮ, ಹೊಸ ಮನೆ ಬಿಟ್ ಹೋಗಲ್ಲ" ಅಂದ ಒನೊಫ್ರೆ ಅಣ್ಣ. ಹೊತ್ತು ತಂದು ಸವರಿದೆ. ನಾಲ್ಕು ಕಾಲನ್ನೂ ನೆಕ್ಕಿ ಮುಗಿಸಿ, ಇನ್ನೂ ಇದೆಯಾ ಎಂಬಂತೆ ನನ್ನ ಮುಖ ನೋಡಿ, ಕೆಳಗೆ ಹೋದ. ಎರಡು ದಿನ ಬಿಟ್ಟರೆ ತಾನೇ ಬರುತ್ತಾನೆ.

ಸಿಟ್ಟು ಮಾಡಿಕೊಳ್ಳಿ, ಆದರೆ ಊಟ ಬಿಡಬೇಡಿ.

ಎಡುವಿನಾ

*

ಕುರಿ ಎಸ್ಟೇಟು, ಮಗಾಯಾನೆಸ್
ಡಿಸೆಂಬರ್ 9, 1961

ಎಡುವಿನಾ,

ಕೂತೇ ಓದಿದೆ. ಸಿಟ್ಟು ಕೂತಲ್ಲಿಗೂ ಬಂತು.

ಆ ಮನೆಯ ಒಂದೊಂದು ಹಲಗೆಯನ್ನೂ ನಾನು ಕೊಯ್ದು ಹೊಡೆದದ್ದು. ಗಂಡ ದೋಣಿ ಹತ್ತಿದ್ದೇ ತಡ, ಮನೆಗೆ ಕಾಲು ಬಂತು! ಇರಲಿ, ನೀರು ಬಂತು ಎನ್ನುತ್ತೀಯ, ಒಪ್ಪಿದೆ. ಆದರೆ ಬೇಡುವ ಶಾಸ್ತ್ರ ಮಾಡಿದವರು ಯಾರು? ಮನೆ ಎಳೆಸುವವನು ಬಾಗಿಲು ಬಾಗಿಲಿಗೆ ಹೋಗಿ, ಟೋಪಿ ತೆಗೆದು, ಒಂದು ಲೋಟ ಸೇಬಿನ ಹೆಂಡ ಕುಡಿದು ಬೇಡಬೇಕು. ಬೇಡಿದವನೇ ಆಮೇಲೆ ಒಬ್ಬೊಬ್ಬರಿಗೂ ಮುಯ್ಯಿ ತೀರಿಸಬೇಕು. ಅದು ನನ್ನ ಬಾಯಿಂದ ಬರಬೇಕಾದ ಮಾತು. ಒನೊಫ್ರೆ ನನ್ನ ಪರವಾಗಿ ಬೇಡಿದನೇ? ನೀನು ಆ ವಿಷಯವನ್ನು ಬಾಯಿಬಿಟ್ಟು ಬರೆದಿಲ್ಲ. ನೀನು ಬರೆಯದೆ ಬಿಟ್ಟದ್ದೇ ಯಾವಾಗಲೂ ನನಗೆ ಭಯ.

ನಿಮ್ಮೆಲ್ಲರಿಗಿಂತ ಪಿಲೋತೊಗೆ ಬುದ್ಧಿ ಇದೆ. ಮರಿಯಾಗಿದ್ದಾಗಿನಿಂದ ನನ್ನ ದೋಣಿಯ ಮೂತಿಯ ಮೇಲೆ ಕೂತು ದಾರಿ ತೋರಿಸಿದವನು ಅವನು. ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ ಹೊಡೆದರೆ ಸಾಕು, ಎಂಥ ಅಲೆಯಲ್ಲೂ ಈಜಿ ಬರುತ್ತಿದ್ದ. ಆದ್ದರಿಂದ ನನ್ನ ತೀರ್ಪು ಕೇಳು. ಅವನು ತಾನಾಗಿ ಆ ಹೊಸ್ತಿಲು ದಾಟಿ ಒಳಗೆ ಮಲಗಿದರೆ ನಾನೂ ದಾಟುತ್ತೇನೆ, ಒಂದು ಮಾತೂ ಆಡುವುದಿಲ್ಲ. ಅವನು ದಾಟದ ಮನೆ ನನ್ನದಲ್ಲ. ಇಲ್ಲಿ ಏಪ್ರಿಲ್ ಕಳೆದು ಬರುವ ಚಳಿಗಾಲಕ್ಕೂ ಇರು ಎಂದು ಕೇಳುತ್ತಿದ್ದಾರೆ, ಇದ್ದುಬಿಡುತ್ತೇನೆ.

ತಿಲಾಳಿಗೆ ಹೊಸ ಚಪ್ಪಲಿ ಕೊಡಿಸು.

ಬೆಲಾರ್ಮಿನೊ

*

ಕೆತ್ರು
ಜನವರಿ 4, 1962

ಬೆಲಾರ್ಮಿನೊ,

ಬಂದ. ತಾನಾಗಿಯೇ ಬಂದ. ಕ್ರಿಸ್‌ಮಸ್ಸಿನ ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಮಲಗಿದ್ದ. ಈಗ ಒಲೆಯ ಎಡಕ್ಕೆ ಅವನು, ಬಲಕ್ಕೆ ಸೆನೀಸಾ. ಚೆನ್ನಾಗಿ ತಿನ್ನುತ್ತಾನೆ. ದಪ್ಪಗಾಗಿದ್ದಾನೆ. ಮೈಯ ಕೂದಲೂ ಹೊಳೆಯುತ್ತಿದೆ. ಇನ್ನೇನು ಬೇಕು? ತೀರ್ಪು ಕೊಟ್ಟವರು ನೀವು, ಏಪ್ರಿಲ್‌ನಲ್ಲಿ ಬನ್ನಿ.

ಬೇಡುವ ಶಾಸ್ತ್ರ ಕ್ರಮವಾಗಿ ಆಯಿತು. ಯಾರೂ ಇಲ್ಲ ಅನ್ನಲಿಲ್ಲ. ಅದನ್ನು ಬಂದ ಮೇಲೆ ಮಾತಾಡೋಣ.

ಒಂದು ಕೆಲಸ ಮಾಡಿ. ನೀವು ಮೈಮೇಲೆ ಹಾಕಿಕೊಂಡು ಬೆವರಿಸಿದ ಒಂದು ಅಂಗಿ ಕಳಿಸಿ. ಒಗೆಯಬೇಡಿ. ಎಷ್ಟು ಕೊಳಕಾಗಿದ್ದರೆ ಅಷ್ಟು ಒಳ್ಳೆಯದು. ಯಾಕೆಂದು ಕೇಳಬೇಡಿ. ಮುಂದಿನ ಹಡಗಿಗೇ ಹಾಕಿ, ತಡಮಾಡಬೇಡಿ.

ಆಲೂಗಡ್ಡೆ ಹೂ ಬಿಟ್ಟಿದೆ. ತಿಲಾ ಎತ್ತರವಾಗುತ್ತಿದ್ದಾಳೆ.

ಎಡುವಿನಾ

*

ಕುರಿ ಎಸ್ಟೇಟು, ಮಗಾಯಾನೆಸ್
ಜನವರಿ 30, 1962

ಪ್ರೀತಿಯ ಎಡುವಿನಾಳಿಗೆ,

ನಾನು ಕ್ಷೇಮ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಉಣ್ಣೆ ಕತ್ತರಿಸುವ ಕೆಲಸ ಮುಗಿಯುತ್ತ ಬಂದಿದೆ.

ಅಂಗಿ ಕಳಿಸಿದ್ದೇನೆ. ಆದರೆ ಮೂರು ಸಲ ಸಾಬೂನಿನಲ್ಲಿ ಒಗೆಸಿ, ಮೇಲಿಂದ ಕುರಿಗಳನ್ನು ಮುಳುಗಿಸುವ ಔಷಧಿಯ ನೀರಿನಲ್ಲೂ ಅದ್ದಿಸಿದ್ದೇನೆ. ನಾನೂ ಚಿಲೊಯೆಯವನೇ. ಹೆಂಗಸರು ಗಂಡನ ಬೆವರಿನ ಬಟ್ಟೆಯನ್ನು ಯಾರ ಮನೆಗೆ ಕೊಂಡೊಯ್ಯುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಆ ತೋಪಿನಾಚೆಯ ಮಾಟಗಾರ ಮುದುಕ ನನ್ನ ಅಂಗಿಗೆ ಗಂಟು ಹಾಕಿ ನನ್ನನ್ನು ಎಳೆಯುವುದು ಬೇಡ. ಬರುವವನಾದರೆ ನನ್ನ ಕಾಲಿನಿಂದಲೇ ಬರುತ್ತೇನೆ.

ಆದರೆ ಏಪ್ರಿಲ್‌ನಲ್ಲಿ ಬರಲಾಗುವುದಿಲ್ಲ. ಚಳಿಗಾಲಕ್ಕೆ ಇಲ್ಲಿಯೇ ನಿಲ್ಲುತ್ತೇನೆ. ಆಮೇಲಿನದನ್ನು ಆಮೇಲೆ ನೋಡೋಣ. ಪಿಲೋತೊ ಹೊಸ ಮನೆಗೆ ಹೊಂದಿಕೊಂಡಿದ್ದಾನೆ ಎಂದು ಬರೆದಿದ್ದೀಯ, ಸಂತೋಷ. ಹಾಗಿದ್ದರೆ ನಾನಿಲ್ಲದ್ದೂ ಅವನಿಗೆ ಒಗ್ಗಿತು ಎಂದಾಯಿತು. ಅವನನ್ನು ಒನೊಫ್ರೆಗೆ ಕೊಟ್ಟುಬಿಡು. ದೋಣಿ ಇರುವವನ ಹತ್ತಿರ ಇರುವುದು ಅವನಿಗೂ ಒಳ್ಳೆಯದು.

ತಿಲಾಳಿಗೆ ಮುತ್ತು.

ಬೆಲಾರ್ಮಿನೊ

*

ಕೆತ್ರು
ಫೆಬ್ರವರಿ 21, 1962

ಬೆಲಾರ್ಮಿನೊ,

ಇನ್ನು ನಿನಗೆ ನೀವು ಗೀವು ಎಲ್ಲ ಇಲ್ಲ.

ಯಾರವಳು? ಹದಿಮೂರು ವರ್ಷದಿಂದ ನಿನ್ನ ಅಕ್ಷರ ನೋಡಿದ್ದೇನೆ. ಏಡಿ ಮರಳ ಮೇಲೆ ಓಡಿದಂತೆ ಬರೆಯುವವನು ನೀನು. ಈ ಕಾಗದದ ಅಕ್ಷರ ಗುಂಡುಗುಂಡಗೆ, ಶಾಲೆಯ ಟೀಚರಮ್ಮ ಬರೆದ ಹಾಗಿದೆ. "ಒಗೆದು" ಅಂತಲ್ಲ, "ಒಗೆಸಿ" ಎಂದು ಬರೆದಿದ್ದೀಯ. ಒಗೆದುಕೊಟ್ಟವಳೇ ಕಾಗದವನ್ನೂ ಬರೆದುಕೊಟ್ಟಳೇ? "ಪ್ರೀತಿಯ ಎಡುವಿನಾಳಿಗೆ" ಅಂತೆ! ನೀನು ಯಾವತ್ತಾದರೂ ನನಗೆ ಹಾಗೆ ಬರೆದಿದ್ದೀಯ? ಅದನ್ನು ಓದಿಯೇ ನನಗೆ ಅನುಮಾನ ಬಂದದ್ದು.

ನಾನೂ ಸುಳ್ಳು ಹೇಳಿದ್ದೇನೆ, ಈಗ ಒಪ್ಪಿಕೊಳ್ಳುತ್ತೇನೆ. ಪಿಲೋತೊ ಬಂದಿಲ್ಲ. ಒಂದು ದಿನವೂ ಬಂದಿಲ್ಲ. ಮೂರು ತಿಂಗಳಾಯಿತು, ಆ ಮೋಟು ಕಂಬಗಳ ನಡುವೆಯೇ ಇದ್ದಾನೆ. ನೀರು ಏರಿದಾಗ ಹಳೆಯ ಒಲೆಯ ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಾನೆ, ಇಳಿದಾಗ ಮತ್ತೆ ಬಂದು ಕೂರುತ್ತಾನೆ. ದಪ್ಪಗಾಗಿಲ್ಲ, ಪಕ್ಕೆಲುಬು ಎಣಿಸಬಹುದು. ನೀನು ಅವನನ್ನೇ ನ್ಯಾಯಾಧೀಶನನ್ನಾಗಿ ಮಾಡಿ ಕೂರಿಸಿದೆಯಲ್ಲ, ನಾನಿನ್ನೇನು ಬರೆಯಲಿ? ನಿನ್ನ ಬೆವರಿನ ವಾಸನೆ ಹಿಡಿದು ಅವನು ಮೇಲೆ ಬರಲಿ ಎಂದು ಅಂಗಿ ಕೇಳಿದೆ. ಮಾಟವಂತೆ ಮಾಟ! ಮಾಟ ಮಾಡಿಸುವಷ್ಟು ನೀನು ಚಂದ ಇಲ್ಲ.

ಆ ಅಂಗಿ ಬಿಚ್ಚಿದರೆ ಮನೆಯೆಲ್ಲ ಔಷಧಿ ನಾತ. ಆದರೂ ಕೊಂಡು ಹೋಗಿ ಅವನ ಮುಂದೆ ಹಿಡಿದೆ. ಮೂಸಿದ. ನಾಲ್ಕು ಸಲ ಸೀನಿದ. ಆಮೇಲೆ ನನ್ನನ್ನು ಮೋಸಗಾತಿಯನ್ನು ನೋಡುವ ಹಾಗೆ ನೋಡಿ ಮುಖ ತಿರುಗಿಸಿದ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ. ಬೇಡಲು ನಾನೇ ಹೋಗಿದ್ದೆ. ಎರಡು ಮನೆಯಲ್ಲಿ ಒಪ್ಪಿದರು. ಮೂರನೆಯ ಮನೆಯಲ್ಲಿ ಮುದುಕಿ ಕ್ಲೋರಿಂದಾ, "ನೀನ್ ಬೇಡಿದ್ರೆ ಮುಯ್ಯಿ ತೀರ್ಸೋರ್ ಯಾರಮ್ಮಾ? ಗಂಡ ಹೇಳಿದ್ದಾನಾ?" ಎಂದು ಕೇಳಿದಳು. ನಿನ್ನ ಹಳೆಯ ಕಾಗದ ಜೇಬಿನಲ್ಲಿತ್ತು. ತೆಗೆದು, ಅದರಲ್ಲಿ ಇಲ್ಲದ್ದನ್ನು ಓದಿದೆ. "ನನ್ನ ಮನೆಗೆ ನಿಮ್ಮ ಹೆಗಲು ಕೊಡಿ, ನಾನು ಬಂದ ದಿನದಿಂದ ನನ್ನ ಹೆಗಲು ನಿಮ್ಮದು." ಮುದುಕಿ ಕಣ್ಣೊರೆಸಿಕೊಂಡು ಮಗನನ್ನೂ ಎತ್ತನ್ನೂ ಕಳಿಸಿದಳು. ಆಮೇಲೆ ಉಳಿದೆಲ್ಲ ಮನೆಗಳಲ್ಲೂ ಅದನ್ನೇ ಓದಿದೆ. ಹೀಗೆ ಇಪ್ಪತ್ತು ಮನೆಗೆ ನಿನ್ನ ಹೆಸರಿನಲ್ಲಿ ಮಾತು ಕೊಟ್ಟಿದ್ದೇನೆ. ನೀನು ಬರದಿದ್ದರೆ ಈ ದ್ವೀಪದಲ್ಲಿ ತಲೆಯೆತ್ತಿ ತಿರುಗಲಾರೆ.

ತಿಲಾ ದಿನಾ ನೀರು ಇಳಿದಾಗ ಪಿಲೋತೊಗೆ ಊಟ ಕೊಂಡುಹೋಗುತ್ತಾಳೆ. ಹೋದ ವಾರ ಮರಳುವಾಗ ನೀರು ಎದೆಯ ತನಕ ಬಂದಿತ್ತು. ಹೊಡೆದೆ. "ನೀನ್ ಎಷ್ಟಾದ್ರೂ ಹೊಡಿ, ಅಪ್ಪ ಬಂದಾಗ ಅವನಿಲ್ದೇ ಇದ್ರೆ ನಾನ್ ಏನ್ ಹೇಳ್ಲಿ?" ಅಂದಳು. ಮಾರ್ಚ್ ಇಪ್ಪತ್ತೊಂದರ ಹುಣ್ಣಿಮೆಗೆ ವರ್ಷದ ದೊಡ್ಡ ಭರತ. ಒಲೆಯ ಕಲ್ಲೂ ಮುಳುಗುತ್ತದೆ ಎನ್ನುತ್ತಾರೆ. ಅವತ್ತು ಹುಡುಗಿಯನ್ನು ಕಟ್ಟಿಹಾಕಲೋ, ನಾಯಿಯನ್ನೋ?

ಅಲ್ಲಿ ನಿನಗೆ ಯಾರಾದರೂ ಇದ್ದರೆ ನೇರವಾಗಿ ಬರೆ, ನಾನು ತಡೆದುಕೊಳ್ಳುತ್ತೇನೆ. ಪಿಲೋತೊಗೆ ಮಾತ್ರ ಹೇಗೆ ತಿಳಿಸಬೇಕೋ ನನಗೆ ಗೊತ್ತಿಲ್ಲ.

ಎಡುವಿನಾ

*

ಮಗಾಯಾನೆಸ್
ಮಾರ್ಚ್ 8, 1962

ಎಡುವಿನಾ,

ಈ ಅಕ್ಷರ ನನ್ನದೇ. ಎಡಗೈಯದು. ಏಡಿಯೂ ನಾಚುತ್ತದೆ. ಇಷ್ಟು ಬರೆಯಲು ನಿನ್ನೆಯಿಂದ ಕೂತಿದ್ದೇನೆ.

ಹೋದ ಕಾಗದ ಬರೆದದ್ದು ರೆಮಿಹಿಯೊ. ಅಡುಗೆಯವನು, ಅರವತ್ತು ವರ್ಷ, ಬೋಳುತಲೆ. ಮೊದಲು ಪಾದ್ರಿಯಾಗಲು ಓದುತ್ತಿದ್ದನಂತೆ, ಅದಕ್ಕೇ ಆ ಗುಂಡು ಅಕ್ಷರ. "ಪ್ರೀತಿಯ" ಎಂದು ಸೇರಿಸಿದ್ದೂ ಅವನೇ. "ಹೆಂಡ್ತಿಗ್ ಹಂಗ್ ಬರೀಬೇಕಪ್ಪಾ" ಅಂದ. ಬೇಡವೆನ್ನಲು ನಾಚಿಕೆಯಾಯಿತು. ನಿನ್ನ ಕಾಗದ ಓದಿ ಹೇಳಿದಾಗ ಅವನಿಗೆ ನಗುವೋ ಅಳುವೋ ತಿಳಿಯಲಿಲ್ಲ.

ಜನವರಿ ಹನ್ನೆರಡಕ್ಕೆ ಉಣ್ಣೆ ಒತ್ತುವ ಯಂತ್ರಕ್ಕೆ ಬಲಗೈ ಸಿಕ್ಕಿತು. ತಪ್ಪು ನನ್ನದೇ, ಎತ್ತಲೋ ನೋಡುತ್ತಿದ್ದೆ. ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದಿವೆ. ಗಾಯ ಒಣಗಿದೆ. ನಿನಗೆ ಹೇಳಲಿಲ್ಲ. ಹುಟ್ಟು ಹಿಡಿಯಲಾಗದವನು ದ್ವೀಪಕ್ಕೆ ಬಂದು ಏನು ಮಾಡಲಿ ಎನ್ನಿಸಿತು. ಇಲ್ಲಿ ಬೇಲಿ ಕಾಯುವ ಕೆಲಸ ಕೊಡುತ್ತಾರೆ, ಕಾಯಲು ಕಣ್ಣು ಸಾಕು.

ಇನ್ನೊಂದು ಇದೆ. ನಗಬೇಡ. ಸೀಟಿ ಹೊಡೆಯುತ್ತಿದ್ದುದು ಆ ಬೆರಳುಗಳಲ್ಲೇ. ನೋವು ಇಳಿದ ಮೇಲೆ ಮೊದಲು ಅದನ್ನೇ ನೋಡಿದೆ. ಎಡಗೈಯಲ್ಲಿ ಬರುವುದಿಲ್ಲ, ಬರೀ ಉಗುಳು ಬರುತ್ತದೆ. ದೋಣಿಯಲ್ಲಿ ಬಂದು ದಡದ ಹತ್ತಿರ ನಾನು ಸುಮ್ಮನೆ ಕೂತಿದ್ದರೆ ಪಿಲೋತೊಗೆ ನಾನು ಯಾರೋ ಆಗಿಬಿಡುತ್ತೇನಲ್ಲ. ಅದನ್ನು ನೋಡಲಾರೆ ಎಂದೇ ಅವನನ್ನು ಒನೊಫ್ರೆಗೆ ಕೊಡು ಅಂದದ್ದು. ಅವನು ಸುಖವಾಗಿದ್ದಾನೆ ಎಂದು ನೀನು ಬರೆದಿದ್ದೆ. ನಂಬಿದ್ದೆ.

ಹೆಗಲಿನ ಮಾತು ಚೆನ್ನಾಗಿದೆ. ನಾನು ಬರೆದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಆದರೆ ನನ್ನ ಹೆಸರಿನಲ್ಲಿ ಆಡಿದ್ದು ತಪ್ಪು, ಸಿಟ್ಟು ಇದೆ. ಎರಡು ಬೆರಳಿನವನನ್ನು ಯಾರು ಮುಯ್ಯಿಗೆ ಕರೆಯುತ್ತಾರೆ?

ಕುತ್ತಿಗೆಯ ಉಣ್ಣೆವಸ್ತ್ರ ಕಳಿಸುತ್ತಿದ್ದೇನೆ. ನೀನು ಹೆಣೆದದ್ದು. ಸೆಪ್ಟೆಂಬರ್‌ನಿಂದ ತೆಗೆದಿಲ್ಲ, ಒಗೆದಿಲ್ಲ. ರೆಮಿಹಿಯೊ ಮೂಗು ಮುಚ್ಚಿಕೊಂಡು ಕಟ್ಟಿಕೊಟ್ಟ. ಭರತದ ಮೊದಲು ಇದು ತಲುಪದಿದ್ದರೆ ಹಗ್ಗ ಹಾಕಿ ಎಳೆದು ತಾ. ಕಚ್ಚಿದರೂ ಬಿಡಬೇಡ. ತಿಲಾಳನ್ನು ಕೆಳಗೆ ಇಳಿಯಲು ಬಿಡಬೇಡ, ನನ್ನಾಣೆ.

ಬೆಲಾರ್ಮಿನೊ

*

ಕೆತ್ರು
ಮಾರ್ಚ್ 26, 1962

ಬೆಲಾರ್ಮಿನೊ,

ತಲುಪಲಿಲ್ಲ. ಭರತ ಮೊದಲು ಬಂತು.

ಇಪ್ಪತ್ತೊಂದರ ಬೆಳಗ್ಗೆ ತಿಲಾಳನ್ನು ಕ್ಲೋರಿಂದಾ ಮುದುಕಿಯ ಮನೆಯಲ್ಲಿ ಕೂರಿಸಿ ಚಿಲಕ ಹಾಕಿಸಿ, ನಾನೂ ಒನೊಫ್ರೆ ಅಣ್ಣನೂ ಹಗ್ಗ ಹಿಡಿದು ಇಳಿದೆವು. ನೀರು ನನ್ನ ಸೊಂಟದ ಮೇಲಿತ್ತು. ಪಿಲೋತೊ ಒಲೆಯ ಕಲ್ಲಿನ ಮೇಲೆ ನಿಂತಿದ್ದ, ಅವನ ಹೊಟ್ಟೆಗೂ ನೀರು ತಾಗುತ್ತಿತ್ತು. ಆದರೂ ಬೊಗಳುತ್ತಿರಲಿಲ್ಲ, ಸಮುದ್ರವನ್ನೇ ನೋಡುತ್ತಿದ್ದ. ಹಗ್ಗ ಹಾಕಿದಾಗ ನನ್ನ ಮುಂಗೈಗೆ ಬಾಯಿ ಹಾಕಿದ. ರಕ್ತ ಬಂದ ಮೇಲೆ ತಾನೇ ನಾಚಿಕೊಂಡು ಬಿಟ್ಟ. ಒನೊಫ್ರೆ ಅಣ್ಣ ಕುರಿಮರಿಯ ಹಾಗೆ ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತಿದ. ಮಧ್ಯಾಹ್ನಕ್ಕೆ ಆ ಕಲ್ಲು ಕಾಣಿಸುತ್ತಿರಲಿಲ್ಲ.

ಸೇಬಿನ ಮರಕ್ಕೆ ಕಟ್ಟಿದೆ. ನಾಲ್ಕು ದಿನ ಏನನ್ನೂ ಮುಟ್ಟಲಿಲ್ಲ. ತಿಲಾ ಬಾಯಿಗೆ ಮೀನಿಟ್ಟರೂ ಉಗುಳಿದ. ಮನೆಗೆ ತಂದೆನೋ ಕೊಲ್ಲಲು ತಂದೆನೋ ಎಂದು ನನಗೇ ಭಯವಾಯಿತು.

ನಿನ್ನೆ ಮಧ್ಯಾಹ್ನ ಗಂಟು ಬಂತು. ಕಾಗದವನ್ನು ಆಮೇಲೆ ಓದಿದೆ, ಮೊದಲು ವಸ್ತ್ರವನ್ನು ಅವನ ಮುಂದೆ ಹಾಕಿದೆ. ದೇವರಾಣೆ, ಆ ನಾತ ನನಗೂ ಗುರುತು ಸಿಕ್ಕಿತು. ಅವನು ಮುಖ ಪೂರ್ತಿ ಅದರೊಳಗೆ ತೂರಿಸಿ ಎಷ್ಟೋ ಹೊತ್ತು ಅಲುಗಾಡಲಿಲ್ಲ. ಆಮೇಲೆ ಎದ್ದು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ತಿಲಾ ಕುಣಿದಾಡಿದಳು. ಗೆದ್ದೆವು ಎಂದುಕೊಂಡು ನಾನೇ ಹಗ್ಗ ಬಿಚ್ಚಿದೆ. ಹೊಸ್ತಿಲು ದಾಟಲಿ ಎಂದು ಬಾಗಿಲನ್ನೂ ಅಗಲವಾಗಿ ತೆಗೆದಿಟ್ಟೆ.

ಅವನು ವಸ್ತ್ರವನ್ನು ಬಾಯಲ್ಲಿ ಕಚ್ಚಿಕೊಂಡ. ಬಾಗಿಲ ಕಡೆ ನೋಡಲೂ ಇಲ್ಲ. ನೇರ ಕೆಳಗಿಳಿದು ಆ ಮೋಟು ಕಂಬಗಳ ನಡುವೆ ಹೋಗಿ, ವಸ್ತ್ರವನ್ನು ಕಾಲಡಿ ಹಾಕಿಕೊಂಡು ಮತ್ತೆ ಸಮುದ್ರಕ್ಕೆ ಮುಖ ಮಾಡಿ ಕೂತ.

ಆಮೇಲೆ ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ. ಆ ಕೈಯನ್ನು ಇಷ್ಟು ದಿನ ಒಬ್ಬನೇ ಹೊತ್ತುಕೊಂಡಿದ್ದೆಯಲ್ಲ, ಅದಕ್ಕೆ ನಿನ್ನನ್ನು ಬೈಯಬೇಕು. ನಾನು ಬೇರೆ ಏನೇನೋ ಬರೆದೆನಲ್ಲ, ಅದಕ್ಕೆ ನನ್ನನ್ನು. ರೆಮಿಹಿಯೊಗೆ ನನ್ನ ನಮಸ್ಕಾರ ಹೇಳು. ಅಕ್ಷರ ಚೆನ್ನಾಗಿದೆ ಎಂದೂ ಹೇಳು.

ಊರಿಗೆಲ್ಲ ನಾನೇ ಹೋಗಿ ಹೇಳಿದೆ, ಕಾಗದ ಸುಳ್ಳು, ಕೈಯ ವಿಷಯ ನಿಜ ಎಂದು. ಬಾಗಿಲು ಬಾಗಿಲಿಗೆ ಹೋದೆ. ನಾಲ್ಕು ಮನೆಯಲ್ಲಿ ಮುಖ ತಿರುಗಿಸಿದರು, ಅದು ನನಗೆ ಸಲ್ಲಬೇಕಾದದ್ದೇ. ಕ್ಲೋರಿಂದಾ ಮುದುಕಿ ಮಾತ್ರ, "ಕಾಗದದಲ್ಲಿ ಇರ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೇ, ನಿನ್ ಗಂಡಂಗೆ ಅಷ್ಟ್ ಚಂದ ಎಲ್ ಬರತ್ತೆ" ಅಂದಳು. ಒನೊಫ್ರೆ ಅಣ್ಣ ಅಂದದ್ದನ್ನು ಹಾಗೇ ಬರೆಯುತ್ತೇನೆ: "ನಾವ್ ಕೇಳಿದ್ದು ಅವನ ಹೆಗಲು. ಬೆರಳು ಯಾರ್ ಕೇಳಿದ್ರು? ಹಗ್ಗ ಕಟ್ಟೋದು ಎಲ್ಲಿಗೆ?"

ಏಪ್ರಿಲ್‌ನ ಹುಣ್ಣಿಮೆಗೂ ನೀರು ದೊಡ್ಡದೇ. ಪಿಲೋತೊನನ್ನು ಮತ್ತೆ ಎಳೆದು ತರಬಲ್ಲೆ, ಎಷ್ಟು ಸಲ ಬೇಕಾದರೂ ತರಬಲ್ಲೆ. ಆದರೆ ಅವನು ಇಲ್ಲಿ ಇರುವುದಿಲ್ಲ. ಮನೆ ತಂದೆ, ಬೆಕ್ಕು ತಂದೆ, ಮೊಟ್ಟೆ ಒಡೆಯದೆ ಕೋಳಿ ತಂದೆ. ಇವನನ್ನು ತರುವುದು ನನ್ನ ಕೈಲಿಲ್ಲ. ಅದು ನಿನ್ನ ಕೆಲಸ. ನೀನೇ ಬಂದು ಮಾಡು.

ಸೀಟಿ ಬರದಿದ್ದರೆ ಕೆಮ್ಮು. ನಿನ್ನ ಕೆಮ್ಮು ನನಗೇ ಗೊತ್ತು, ಅವನಿಗೆ ಗೊತ್ತಿಲ್ಲವೇ?

ಎಡುವಿನಾ

*

ಮಗಾಯಾನೆಸ್
ಏಪ್ರಿಲ್ 11, 1962

ಎಡುವಿನಾ,

ಲೆಕ್ಕ ಚುಕ್ತಾ ಮಾಡಿಸಿ ಬಂದರಿನಲ್ಲಿದ್ದೇನೆ. ಈ ಕಾಗದ ನಾಳೆಯ ಹಡಗಿಗೆ. ಅದರಲ್ಲಿ ನನಗೆ ಜಾಗ ಸಿಗಲಿಲ್ಲ, ನಾನು ಹದಿನೆಂಟರದ್ದಕ್ಕೆ. ಇಪ್ಪತ್ತೇಳರ ಸುಮಾರಿಗೆ ಕೆತ್ರು ಮುಟ್ಟುತ್ತೇನೆ. ಆಗ ಅರ್ಧ ಚಂದ್ರ, ಸಮುದ್ರಕ್ಕೆ ಸೋಮಾರಿತನ. ಹುಣ್ಣಿಮೆಯ ಎರಡು ಮೂರು ದಿನ ಮಾತ್ರ ಪಿಲೋತೊನನ್ನು ಮೇಲೆ ಕಟ್ಟಿಹಾಕು. ಕೈ ಜೋಪಾನ, ಕಚ್ಚಿದ ಕಡೆ ಉಪ್ಪುನೀರು ಹಾಕುತ್ತಿರು.

ಹೆದರಿಕೆ ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ. ಹಲ್ಲಿನ ಸಂದಿಯಿಂದ ಸೀಟಿ ಊದುವುದನ್ನು ದಿನಾ ಕಲಿಯುತ್ತಿದ್ದೇನೆ. ಸತ್ರದಲ್ಲಿ ಪಕ್ಕದ ಹಾಸಿಗೆಯವನು ಬೂಟು ಎಸೆದ. ಒಡಕು ಕೆಟಲ್ ಕುದಿದ ಹಾಗೆ ಬರುತ್ತದೆ. ಕೆಮ್ಮನ್ನೂ ಇಟ್ಟುಕೊಂಡಿದ್ದೇನೆ.

ಮುಖ ತಿರುಗಿಸಿದ ಆ ನಾಲ್ಕು ಮನೆಗಳಿಗೆ ಮೊದಲು ಹೋಗುತ್ತೇನೆ. ಟೋಪಿ ತೆಗೆಯಲು ಎರಡು ಬೆರಳು ಸಾಕು.

ತೀರ್ಪು ತೀರ್ಪೇ. ಅವನು ಹೊಸ್ತಿಲು ದಾಟಿದ ಮೇಲೆಯೇ ನಾನು ದಾಟುವುದು. ಅವನು ದಾಟದಿದ್ದರೆ ನಮ್ಮಿಬ್ಬರಿಗೂ ಸೇಬಿನ ಮರದ ಕೆಳಗೆ ಊಟ ಹಾಕು.

ಆದರೆ ಒಂದು ಮಾತು. ಹುಣ್ಣಿಮೆಯ ನೀರು ಇಳಿದ ಮೇಲೆ ಅವನನ್ನು ಬಿಚ್ಚಿಬಿಡು, ಕೆಳಗೇ ಇರಲಿ. ಯಾರೂ ಎಳೆದು ತರಬೇಡಿ. ಇಷ್ಟು ವರ್ಷ ನಾನು ಮನೆಯ ಹಳದಿ ಗೋಡೆ ನೋಡಿಯೇ ದೋಣಿ ತಿರುಗಿಸುತ್ತಿದ್ದೆ. ಆ ಗೋಡೆ ಈಗ ಅಲ್ಲಿಲ್ಲ. ಕಂಬಗಳ ನಡುವೆ ಅವನು ಕೂತಿರದಿದ್ದರೆ ನಮ್ಮ ದಡ ಯಾವುದೆಂದು ನನಗೆ ಹೇಗೆ ಗೊತ್ತಾಗಬೇಕು?

ನಿನ್ನ
ಬೆಲಾರ್ಮಿನೊ